ಕಡಲ ದಂಡೆಯ ಮನೆ, ಧಾರವಾಡದ ತಾರಸಿ

ಕಳೆದ ಸೆಪ್ಟೆಂಬರಿನಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ವಾರ ಇಂಗ್ಲೆಂಡಿಗೆ ಹೋಗಿದ್ದೆ. ಗೋ-ಲೈವ್ ಮುಗಿದು ನಾಲ್ಕು ದಿನ ರಜೆ ಉಳಿದಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬರು, "ಲಂಡನ್ ಎಲ್ಲರೂ ನೋಡುತ್ತಾರೆ, ನೀನು ವಾಕಿಂಗ್ ಹಾಲಿಡೇಗೆ ಹೋಗು" ಎಂದರು. ನಡೆಯುವುದಕ್ಕೂ ದುಡ್ಡು ಕೊಟ್ಟು ಹೋಗುವುದೇ ಎಂದು ನಗು ಬಂತು. ಪುಣೆಯಲ್ಲಿ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕೂತು ಕೂತು ಬೆನ್ನು ಹಿಡಿಸಿಕೊಂಡವನಿಗೆ ಆಮೇಲೆ ಅನ್ನಿಸಿತು, ಹೋಗಿ ನೋಡೋಣ.

ಲಿಮಿಂಗ್ಟನ್‌ನಿಂದ ಫೆರ್ರಿ ಹತ್ತಿದರೆ ನಲವತ್ತು ನಿಮಿಷಕ್ಕೆ ಐಲ್ ಆಫ್ ವೈಟ್ ದ್ವೀಪದ ಯಾರ್ಮೌತ್. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರಕ್ಕೆ ಫ್ರೆಶ್‌ವಾಟರ್ ಬೇ. ಕೊಲ್ಲಿಯ ಮೇಲಿನ ಏರಿನಲ್ಲಿ ನಾನು ಮೂರು ರಾತ್ರಿ ಇಳಿದುಕೊಂಡ ಹಳೆಯ ದೊಡ್ಡ ಮನೆ. ಇದನ್ನು ನಡೆಸುವುದು ಎಚ್‌ಎಫ್ ಹಾಲಿಡೇಸ್ ಎಂಬ ಸಹಕಾರಿ ಸಂಸ್ಥೆ. ಅದರ ಕಥೆ ಕೇಳಲೇಬೇಕು. ಉತ್ತರ ಇಂಗ್ಲೆಂಡಿನ ಕೋಲ್ನ್ ಎಂಬ ಗಿರಣಿ ಊರಿನಲ್ಲಿ ಟಿ. ಎ. ಲೆನಾರ್ಡ್ ಎಂಬ ಪಾದ್ರಿ ಇದ್ದರು. ಗಿರಣಿಯವರು ವರ್ಷವಿಡೀ ಕೂಡಿಟ್ಟ ಹಣವನ್ನು ರಜೆಯಲ್ಲಿ ಗದ್ದಲದ ಕಡಲೂರುಗಳಲ್ಲಿ ಕಳೆದು ಬರುವುದನ್ನು ಕಂಡು, 1891ರಲ್ಲಿ ಅವರನ್ನು ಲೇಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳಲ್ಲಿ ನಡೆಸಲು ಕರೆದುಕೊಂಡು ಹೋದರು. 1913ರಲ್ಲಿ ಅವರು ಕಟ್ಟಿದ ಹಾಲಿಡೇ ಫೆಲೋಶಿಪ್ಪೇ ಇಂದಿನ ಎಚ್‌ಎಫ್.

ಮನೆಯ ಕ್ರಮ ಸರಳ. ದಿನವೂ ಮೂರು ಬಗೆಯ ನಡಿಗೆ: ಸುಲಭ, ಮಧ್ಯಮ, ಕಠಿಣ. ಹಿಂದಿನ ಸಂಜೆ ಲೀಡರ್‌ಗಳು ನಕ್ಷೆ ಇಟ್ಟುಕೊಂಡು ಎಷ್ಟು ದೂರ, ಎಷ್ಟು ಏರು ಎಂದು ವಿವರಿಸುತ್ತಾರೆ. ನಾವು ಒಂದನ್ನು ಆರಿಸಿ, ಮರುದಿನದ ಬುತ್ತಿಗೆ ಏನು ಬೇಕೆಂದು ಬರೆದುಕೊಟ್ಟರೆ ಆಯಿತು. ರಾತ್ರಿ ಊಟ ಉದ್ದ ಮೇಜಿನಲ್ಲಿ, ಯಾರ ಪಕ್ಕ ಯಾರಾದರೂ ಸರಿ. ಬಂದವರಲ್ಲಿ ಬಹುಪಾಲು ನಿವೃತ್ತರು, ಹಲವರು ಒಂಟಿಯಾಗಿ ಬಂದವರು. ನನ್ನನ್ನು ಬಿಟ್ಟರೆ ಎಲ್ಲರೂ ಅರವತ್ತು ದಾಟಿದವರೇ. ನಲವತ್ತರ ಹತ್ತಿರವಿದ್ದ ನಾನು ಮೂರು ದಿನ ಆ ಮನೆಯ ಹುಡುಗನಾಗಿದ್ದೆ.

ಎರಡನೆಯ ದಿನ ಕಠಿಣ ನಡಿಗೆ ಆರಿಸಿದೆ. ಟೆನಿಸನ್ ಡೌನ್ ಎಂಬ ಸುಣ್ಣಕಲ್ಲಿನ ಗುಡ್ಡ ಹತ್ತಿ, ದ್ವೀಪದ ಪಶ್ಚಿಮದ ತುದಿಗೆ ಹೋಗಿ, ಬೇರೆ ದಾರಿಯಲ್ಲಿ ಮರಳುವುದು. ಗುಡ್ಡದ ಎತ್ತರ 147 ಮೀಟರ್ ಅಷ್ಟೆ, ಆದರೆ ಕಡಲಿನ ಮಟ್ಟದಿಂದಲೇ ಹತ್ತಬೇಕು, ಗಾಳಿ ಬೇರೆ ತಳ್ಳುತ್ತದೆ. ಕವಿ ಟೆನಿಸನ್ 1853ರಿಂದ ಕೆಳಗಿನ ಫಾರಿಂಗ್‌ಫರ್ಡ್ ಮನೆಯಲ್ಲಿದ್ದು ಇಲ್ಲೇ ತಿರುಗಾಡುತ್ತಿದ್ದ. ಮೇಲೆ ಅವನ ನೆನಪಿಗೆ ಕಲ್ಲಿನ ಶಿಲುಬೆ ನಿಂತಿದೆ. ನನಗೆ ಧಾರವಾಡದ ಸಾಧನಕೇರಿ ನೆನಪಾಯಿತು, ಬೇಂದ್ರೆಯವರ ಕೆರೆ. ಅದರ ಜೊತೆಗೆ ಅಪ್ಪನೂ ನೆನಪಾದರು.

ಅಪ್ಪನಿಗೆ ಈಗ 74. ಅಮ್ಮ ಹೋದ ಮೇಲೆ ಧಾರವಾಡದ ಮನೆಯಲ್ಲಿ ಒಬ್ಬರೇ. ಮೂವತ್ತು ವರ್ಷ ಬೆಳಿಗ್ಗೆ ತಪ್ಪದೆ ಸಾಧನಕೇರಿವರೆಗೆ ನಡೆದು ಬಂದವರು. ಹೋದ ವರ್ಷ ಅಗೆದಿಟ್ಟ ರಸ್ತೆಯಲ್ಲಿ ಎಡವಿ ಬಿದ್ದರು. ಮಣಿಕಟ್ಟು ಉಳುಕಿತ್ತು, ಅಷ್ಟೆ. ನಾನು ಪುಣೆಯಿಂದಲೇ ಕಾನೂನು ಮಾಡಿದೆ: ಇನ್ನು ಹೊರಗೆ ನಡೆಯುವುದು ಬೇಡ, ತಾರಸಿಯ ಮೇಲೆ ಇಪ್ಪತ್ತು ಸುತ್ತು ಸಾಕು. "ನಾ ಏನ್ ಸಣ್ಣ ಕೂಸೇನೋ?" ಎಂದಿದ್ದರು. ನಾನು ದನಿ ಏರಿಸಿದ್ದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ತುದಿಯಲ್ಲಿ ನೀಡಲ್ಸ್ ಎಂಬ ಮೂರು ಬಿಳಿ ಬಂಡೆಗಳು ಕಡಲಿನಲ್ಲಿ ಸಾಲಾಗಿ ನಿಂತಿವೆ. ಸೂಜಿಯಂತೆ ಯಾವುದೂ ಕಾಣುವುದಿಲ್ಲ. ನಿಜವಾದ ಸೂಜಿಯಂಥ ನಾಲ್ಕನೆಯ ಬಂಡೆ 1764ರ ಬಿರುಗಾಳಿಗೆ ಉರುಳಿತಂತೆ, ಹೆಸರು ಮಾತ್ರ ಉಳಿಯಿತು. ಪಕ್ಕದಲ್ಲೇ ಬ್ರಿಟನ್ನಿನ ಬ್ಲ್ಯಾಕ್ ಆ್ಯರೋ ರಾಕೆಟ್ಟಿನ ಎಂಜಿನ್ ಪರೀಕ್ಷಿಸಿದ ಜಾಗ. 1971ರಲ್ಲಿ ಆ ರಾಕೆಟ್ ಆಸ್ಟ್ರೇಲಿಯಾದಿಂದ ಉಪಗ್ರಹ ಹಾರಿಸುವ ಹೊತ್ತಿಗೆ ಯೋಜನೆಯನ್ನೇ ಸರ್ಕಾರ ರದ್ದು ಮಾಡಿಯಾಗಿತ್ತು. ಐಟಿಯವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಕೂತು ಬುತ್ತಿ ಬಿಚ್ಚಿದೆವು. ನನ್ನ ಚೀಸ್ ಸ್ಯಾಂಡ್‌ವಿಚ್ಚಿಗೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡಾಗ ಪಕ್ಕದ ಅಜ್ಜಿಯೂ ಕೈ ಚಾಚಿದರು. 78 ವರ್ಷ, ಗಂಡ ತೀರಿಕೊಂಡು ಆರು ವರ್ಷವಂತೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮತ್ತೆ ಕೇಳಿ ಹಾಕಿಸಿಕೊಂಡರು.

ಮರಳುವಾಗ ಒದ್ದೆ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಅದೇ ಅಜ್ಜಿ ಜಾರಿ ಬಿದ್ದರು. ನಾನು ಗಾಬರಿಯಾಗಿ ಓಡಿದೆ. ಗುಂಪಿನ ಕೊನೆಯಲ್ಲಿ ಯಾರೂ ಹಿಂದೆ ಬೀಳದಂತೆ ನೋಡಿಕೊಳ್ಳಲು ಒಬ್ಬರಿರುತ್ತಾರೆ. ಅವರು ಬಂದು ಕೈ ಕೊಟ್ಟರು, ಲೀಡರ್ ಕಾಲು ಮುಟ್ಟಿ ನೋಡಿದರು, ನೀರು ಕುಡಿಸಿದರು. ಎಲ್ಲರೂ ಹತ್ತು ನಿಮಿಷ ನಿಂತೆವು. ಅಜ್ಜಿ ಕೋಲೂರಿ ಎದ್ದು ನಡೆದರು. ಈ ವಯಸ್ಸಿನಲ್ಲಿ ಯಾಕೆ ಬಂದಿರಿ ಎಂದು ಒಬ್ಬರೂ ಕೇಳಲಿಲ್ಲ. ಸಂಜೆ ನಕ್ಷೆಯ ಮುಂದೆ ನಿಂತು ಅವರು ಮರುದಿನಕ್ಕೆ ಸುಲಭ ನಡಿಗೆಗೆ ಹೆಸರು ಬರೆಸಿದರು, ಅಷ್ಟೆ.

ಮರುದಿನ ಬೆಳಿಗ್ಗೆ ಆರಕ್ಕೆ, ಧಾರವಾಡದಲ್ಲಿ ಹತ್ತೂವರೆಗೆ, ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ತಾರಸಿ ವಾಕಿಂಗ್ ಬೇಜಾರಾಗಿದ್ರ ಸಾಧನಕೇರಿಗೆ ಹೋಗ್ರಿ. ಯಾರನ್ನಾರ ಜೊತಿಗೆ ಕರ್ಕೊಂಡು ಹೋಗ್ರಿ" ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಮೂರು ತಿಂಗಳಾತು, ದಿನಾ ಹೊಂಟೇನಿ. ಇಬ್ಬರು ಗೆಳ್ಯಾರು ಅದಾರ. ನನ್ನ ನಡುವ ಇಟ್ಕೊಂಡು ನಡೀತಾರ. ನಿನಗ ಹೇಳಿದ್ರ ಬೈತಿದ್ದಿ, ಅದಕ್ಕ ಫೋನ್ ಮನ್ಯಾಗ ಇಟ್ಟು ಹೋಗ್ತಿದ್ದೆ" ಎಂದರು.

ಎಷ್ಟೋ ಸಲ ಬೆಳಿಗ್ಗೆ ಫೋನ್ ಎತ್ತದಿದ್ದಾಗ ಸ್ನಾನಕ್ಕೆ ಹೋಗಿದ್ದೆ ಎನ್ನುತ್ತಿದ್ದರು. ಹೊರಗೆ ಹೋದಾಗ ಏನಾದರೂ ಆಗಿದ್ದರೆ ಕೈಯಲ್ಲಿ ಫೋನೂ ಇರುತ್ತಿರಲಿಲ್ಲ. ಅದಕ್ಕೆ ಕಾರಣ ನಾನು. ಅಪ್ಪನನ್ನು ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡು, 74ರ ಮನುಷ್ಯನಿಗೆ ಮಗನ ಮುಂದೆ ಸುಳ್ಳು ಹೇಳುವುದನ್ನು ಕಲಿಸಿದ್ದೆ. ಊರು ಬಿಟ್ಟು ಬಂದ ನಮ್ಮಂಥವರು ಫೋನಿನಲ್ಲಿ ಮಾಡುವ ಕಾಳಜಿ ಎಷ್ಟು ಬೇಗ ಕಾವಲಾಗುತ್ತದೆ ನೋಡಿ.

ಈ ಅಂಕಣ ಓದಿ ಅಂಥ ಮನೆಗೆ ಹೋಗುವ ಮನಸ್ಸಾದವರಿಗೆ ಎರಡು ಮಾತು. ಹಿಡಿತವಿರುವ ಶೂ ಬೇಕು, ಹೊಸದಾದರೆ ಮೊದಲೇ ಹಾಕಿ ಪಳಗಿಸಿ. ಮಳೆಕೋಟು ಬಿಡಬೇಡಿ. ಚಟ್ನಿಪುಡಿ ಇನ್ನೊಂದು ಡಬ್ಬಿ ಹೆಚ್ಚಿಗೆ ಇರಲಿ.

ಡಿಸೆಂಬರಿನಲ್ಲಿ ಹತ್ತು ದಿನ ಧಾರವಾಡಕ್ಕೆ ಹೋಗುತ್ತಿದ್ದೇನೆ. ಅಪ್ಪನಿಗೆ ಶೂ ಒಯ್ಯುತ್ತಿದ್ದೇನೆ. ಅವರ ಗೆಳೆಯರು ನನಗೂ ಬೆಳಿಗ್ಗೆ ಆರಕ್ಕೆ ತಯಾರಿರಲು ಹೇಳಿದ್ದಾರಂತೆ. ಕೊನೆಯಲ್ಲಿ ನಡೆಯುವ ಕೆಲಸ ನನಗೆ ಕೊಡಿ ಎಂದು ಕೇಳಿದ್ದೇನೆ.