ಮುಕ್ತ ದಸ್ತಾವೇಜು ನಮೂನೆ: ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅರ್ಜಿಯೊಡನೆ ಸಲ್ಲಿಸುವ ದಸ್ತಾವೇಜು ಹಲವು ವರ್ಷಗಳ ನಂತರವೂ ಓದುವಂತಿರಬೇಕು. ಅದನ್ನು ತೆರೆಯಲು ಒಂದೇ ಕಂಪನಿಯ ತಂತ್ರಾಂಶವನ್ನು ಖರೀದಿಸಬೇಕಾದ ಅನಿವಾರ್ಯತೆ ನಾಗರಿಕರಿಗೆ ಇರಬಾರದು. ಈ ದೃಷ್ಟಿಯಿಂದ ಓಪನ್ ಡಾಕ್ಯುಮೆಂಟ್ ನಮೂನೆಯು ಮಹತ್ವದ್ದಾಗಿದೆ. ಇದು 2006ರಲ್ಲಿ ಐಎಸ್‌ಒ ಮಾನಕವಾಯಿತು. ಭಾರತ ಸರ್ಕಾರವು 2010ರಲ್ಲಿ ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿತು.

ಈ ನಮೂನೆಯ ಪಠ್ಯ ಕಡತಗಳಿಗೆ ಓಡಿಟಿ ಎಂದು ಹೆಸರು. ಗೂಗಲ್ ಡಾಕ್ಸ್‌ನಲ್ಲಿ ಇವುಗಳನ್ನು ತೆರೆಯಬಹುದಾದರೂ, ತಿದ್ದುವಾಗ ಕಡತವು ಆ ಸೇವೆಯ ಸ್ವಂತ ನಮೂನೆಗೆ ಪರಿವರ್ತನೆಯಾಗುತ್ತದೆ. ಮರಳಿ ಓಡಿಟಿ ರೂಪದಲ್ಲಿ ಪಡೆಯಲು ಡೌನ್‌ಲೋಡ್ ಮಾಡಿಕೊಳ್ಳಬೇಕು. ಈ ಹಂತದಲ್ಲಿ ಕೋಷ್ಟಕ ಹಾಗೂ ಪುಟವಿನ್ಯಾಸ ವ್ಯತ್ಯಾಸವಾಗುವ ಸಂಭವವಿದೆ.

ಕನ್ನಡ ದಸ್ತಾವೇಜುಗಳ ಮಟ್ಟಿಗೆ ನಮೂನೆ ಮುಕ್ತವಾಗಿದ್ದರಷ್ಟೇ ಸಾಲದು, ಅಕ್ಷರಗಳೂ ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತವು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದುಕೊಂಡರೂ, ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅರ್ಜಿದಾರರ ಹೆಸರನ್ನೇ ಓದಲಾಗದಿದ್ದಲ್ಲಿ ಪರಿಶೀಲನೆ ಸಾಧ್ಯವಾಗದು.

ಆದುದರಿಂದ ಅರ್ಜಿದಾರರು ಯೂನಿಕೋಡ್‌ನಲ್ಲಿ ಟೈಪು ಮಾಡಿ, ಓಡಿಟಿ ಪ್ರತಿಯೊಂದನ್ನು ತಮ್ಮಲ್ಲಿ ಉಳಿಸಿಕೊಂಡು, ಅರ್ಜಿಯಲ್ಲಿ ಸೂಚಿಸಿದ ನಮೂನೆಯ ಪ್ರತಿಯನ್ನು ಒಮ್ಮೆ ತೆರೆದು ಪರಿಶೀಲಿಸಿದ ನಂತರವೇ ಸಲ್ಲಿಸಬೇಕೆಂದು ಕೋರಲಾಗಿದೆ.