ಫೋಟೋ ಹಾಕುವ ಮುನ್ನ ಆ ಮಗುವನ್ನು ಕೇಳಿದ್ದೇವೆಯೇ?

ಕಳೆದ ಬೇಸಗೆ ರಜೆಯಲ್ಲಿ ನನ್ನ ಮಗಳು ಮುಂಬಯಿಯ ಮಾನವ ಹಕ್ಕುಗಳ ಸೇವಾ ಸಂಸ್ಥೆಯೊಂದರ ಸಂವಹನ ವಿಭಾಗದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮಾಡಿದಳು. ಸಂಘದ ಮಿತ್ರರ ಮೊದಲ ಪ್ರಶ್ನೆ, "ಎಷ್ಟು ಕೊಡುತ್ತಾರೆ?" ಏನೂ ಇಲ್ಲ ಎಂದಾಗ, "ಬ್ಯಾಂಕಿನಲ್ಲಿ ನಮ್ಮವರೇ ಇದ್ದಾರಲ್ಲ ಮಾರಾಯ್ರೆ, ಒಂದು ಮಾತು ಹೇಳುತ್ತಿದ್ದೆ" ಎಂಬ ಕಾಳಜಿ. ಸತ್ಯ ಹೇಳುವುದಾದರೆ ಆಗ ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಅಲ್ಲಿ ಅವಳಿಗೆ ಸಿಕ್ಕಿದ್ದು ಬೆಳಿಗ್ಗೆ ಪತ್ರಿಕೆಗಳ ತುಣುಕು ಸಂಗ್ರಹ, ವಾರ್ಷಿಕ ವರದಿಯ ಕರಡು ತಿದ್ದುವಿಕೆ, ಪತ್ರಿಕಾ ಪ್ರಕಟಣೆ ಬರೆಯುವುದು ಇತ್ಯಾದಿ. ಪ್ರಕಟಣೆ ಬರೆಯುವುದರಲ್ಲಿ ನಾನೇನು ಹಿಂದೆ ಬಿದ್ದವನಲ್ಲ. ಸಂಘದ ಗೌರವ ಕಾರ್ಯದರ್ಶಿಯಾಗಿ ನೂರಾರು ವರದಿ ಕಳುಹಿಸಿದ್ದೇನೆ. ವೇದಿಕೆಯ ಹದಿನಾಲ್ಕು ಗಣ್ಯರ ಹೆಸರು, ಪ್ರಾರ್ಥನೆ, ವಂದನಾರ್ಪಣೆ ಎಲ್ಲ ಕ್ರಮವಾಗಿ ಇರುತ್ತವೆ. ಆದರೆ ಮಗಳ ಮೇಲಧಿಕಾರಿ ಕೇಳಿದ್ದು ಬೇರೆ: ಯಾರಿಗೆ ಏನಾಗಿದೆ, ಯಾವ ಕಾನೂನು ಮುರಿದಿದೆ, ಯಾರು ಏನು ಮಾಡಬೇಕು.

ಒಂದು ದಿನ ನವಿ ಮುಂಬಯಿಯ ಕಟ್ಟಡ ಕಾಮಗಾರಿಯಿಂದ ಯಾದಗಿರಿ ಕಡೆಯ ಕೆಲವು ಮಹಿಳೆಯರು ಬಂದರಂತೆ. ಕಚೇರಿಯಲ್ಲಿ ಕನ್ನಡ ಬಲ್ಲವಳು ಇವಳೊಬ್ಬಳೇ. "ಮುಕಾದಮ ಪಗಾರ ಕೊಟ್ಟಿಲ್ರೀ ಯವ್ವಾ, ಹೆಂಗರ ಮಾಡಿ ಕೊಡಸ್ರಿ" ಎಂದದ್ದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮನೆಯ ಕರಾವಳಿ ಕನ್ನಡ ಸಾಲದೆ ಎರಡು ಬಾರಿ ನನಗೆ ಫೋನ್ ಮಾಡಿದಳು. ಎಷ್ಟು ಜನ, ಎಷ್ಟು ದಿನದ ಕೂಲಿ ಎಂದೆಲ್ಲ ಬರೆದಾದ ಮೇಲೆ ಮೇಲಧಿಕಾರಿ ಹೆಸರುಗಳನ್ನು ಹೊಡೆದು ಹಾಕಿದರು. ಪತ್ರಿಕೆಯಲ್ಲಿ ಹೆಸರು ಬಂದರೆ ಮುಕಾದಮ ಅದೇ ರಾತ್ರಿ ಅವರನ್ನು ಶೆಡ್ಡಿನಿಂದ ಹೊರಗೆ ಹಾಕಬಹುದು. ಫೋಟೋ ಸಹ ಬೆನ್ನ ಹಿಂದಿನಿಂದ ತೆಗೆದದ್ದು, ಅದೂ ಕೇಳಿಯೇ.

ಬರೆಹದಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಮಾತು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಬಂದ ಪತ್ರಿಕಾ ವರದಿಯನ್ನು ಹಿಡಿದುಕೊಂಡೇ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಅದರಲ್ಲಿ, ಶೀಘ್ರ ವಿಚಾರಣೆ ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕಿನ ಭಾಗವೆಂದು ನ್ಯಾಯಾಲಯ ಹೇಳಿತು. ಆಮ್ನೆಸ್ಟಿ ಸಂಸ್ಥೆ ಹುಟ್ಟಿದ್ದೂ 1961ರ ಮೇ 28ರಂದು ಲಂಡನ್ನಿನ ಪತ್ರಿಕೆಯಲ್ಲಿ ಪೀಟರ್ ಬೆನೆನ್ಸನ್ ಬರೆದ ಒಂದು ಲೇಖನದಿಂದ.

ಇಷ್ಟರಲ್ಲಿ ನಮ್ಮ ಸಂಘದ ವಿದ್ಯಾರ್ಥಿ ವೇತನ ವಿತರಣೆಯ ಸುದ್ದಿ ಅಚ್ಚಾಯಿತು. "ತಂದೆಯನ್ನು ಕಳೆದುಕೊಂಡ, ಕಡುಬಡತನದ" ಎಂಬ ವಿಶೇಷಣಗಳ ಸಮೇತ ಒಬ್ಬ ಹುಡುಗಿಯ ಹೆಸರು, ಶಾಲೆ, ವಾಸದ ಚಾಳು, ಪಕ್ಕದಲ್ಲಿ ಲಕೋಟೆ ಹಿಡಿದ ದಾನಿಗಳ ನಗುಮುಖ. ಬರೆದವನು ನಾನೇ. ಮಗಳು ಪತ್ರಿಕೆ ಮಡಚಿಟ್ಟು ಕೇಳಿದಳು, "ಅಪ್ಪಾ, ಅವಳನ್ನು ಕೇಳಿದ್ದಿರಾ?" ಕೇಳಿರಲಿಲ್ಲ. ದೌರ್ಜನ್ಯಕ್ಕೊಳಗಾದ ಮಕ್ಕಳ ಗುರುತು ಬಯಲು ಮಾಡುವುದನ್ನು 2012ರ ಪೋಕ್ಸೋ ಕಾಯಿದೆ ತಡೆಯುತ್ತದೆ. ನಮ್ಮ ಫೋಟೋ ಅಂಥದ್ದಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ಆದರೆ ಮರುದಿನ ಶಾಲೆಯಲ್ಲಿ ಆ ಹುಡುಗಿಯನ್ನು ಯಾರು ಹೇಗೆ ಕರೆದರೋ ಎಂಬುದು ನನ್ನ ತಲೆಯಿಂದ ಹೋಗಿಲ್ಲ. ಆಕೆ ಈ ವರ್ಷ ಅರ್ಜಿ ಹಾಕಿಲ್ಲ.

ಇನ್ನೊಂದು ಸಂಗತಿ. ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಲು ನನ್ನ ಮಗಳಿಗೆ ಸಾಧ್ಯವಾದದ್ದು ಮನೆ ಇಲ್ಲೇ ಇರುವುದರಿಂದ, ರೈಲ್ವೆ ಪಾಸಿಗೆ ಅಪ್ಪ ದುಡ್ಡು ಕೊಟ್ಟಿದ್ದರಿಂದ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ಕಟ್ಟಿದ ಸಂಘಗಳು ನಮ್ಮವು. ಕೂಲಿಯ ಕಷ್ಟ ಬಲ್ಲ ಮನೆಯ ಮಕ್ಕಳೇ ಇಂಥ ಕೆಲಸಕ್ಕೆ ಹೆಚ್ಚು ಯೋಗ್ಯರು, ಆದರೆ ಅವರಿಗೇ ಇದು ಕೈಗೆಟುಕುವುದಿಲ್ಲ. ನಮ್ಮ ಅರ್ಜಿ ನಮೂನೆಯಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಸಿಎ ಬಿಟ್ಟರೆ "ಇತರೆ" ಮಾತ್ರ. ಇಂಥ ಇಬ್ಬರು ವಿದ್ಯಾರ್ಥಿಗಳಿಗೆ ಎರಡು ತಿಂಗಳ ಪ್ರಯಾಣ, ಊಟದ ಖರ್ಚು ಕೊಡಲು ವಾರ್ಷಿಕೋತ್ಸವದ ಶಾಲು, ಹಾರದ ಬಾಬ್ತಿನಿಂದಲೇ ಸಾಧ್ಯವಿದೆ. ಲೆಕ್ಕಪತ್ರ ನನ್ನ ಬಳಿ ಇದೆ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಎರಡನ್ನೂ ಮಂಡಿಸಲಿದ್ದೇನೆ. ಅಧ್ಯಕ್ಷರಿಗೆ ಮೊದಲೇ ತಿಳಿಸಿದೆ. "ಮಕ್ಕಳ ಫೋಟೋ ಇಲ್ಲದಿದ್ದರೆ ದಾನಿಗಳು ಬೇಸರ ಮಾಡಿಕೊಳ್ಳುವುದಿಲ್ಲವೇ?" ಎಂದರು. ದಾನಿಗಳ ಫೋಟೋ ಧಾರಾಳವಾಗಿ ಹಾಕೋಣ, ಅವರ ಅನುಮತಿ ಇದ್ದೇ ಇದೆ ಎಂದಿದ್ದೇನೆ.