ಕರುಳು ಸೋತವರ ಅನ್ನಕ್ಕೆ ಹೊಣೆ ಯಾರು?

ಕಿಡ್ನಿ ವೈಫಲ್ಯ ಎಂದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೃದಯ ವೈಫಲ್ಯವೂ ಹಾಗೆಯೇ. ಆದರೆ ಕರುಳಿನ ವೈಫಲ್ಯ? ಅಂಥದ್ದೊಂದು ಕಾಯಿಲೆ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ‘ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆಮೇಲೆ ಸೊರಗುತ್ತಾ ಹೋದರು’ ಎಂಬ ಮಾತನ್ನು ಮಾತ್ರ ನಾವು ಅನೇಕ ಬಾರಿ ಕೇಳಿರುತ್ತೇವೆ. ಆ ಸೊರಗುವಿಕೆಯನ್ನು ವಿಧಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಅದರಲ್ಲಿ ವಿಧಿಯ ಪಾಲೆಷ್ಟು, ನಮ್ಮ ನಿರ್ಲಕ್ಷ್ಯದ ಪಾಲೆಷ್ಟು?

ಮನುಷ್ಯನ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿರುತ್ತದೆ. ನಾವು ಉಂಡ ಅನ್ನ ರಕ್ತಕ್ಕೆ ಸೇರುವುದು ಇಲ್ಲಿಯೇ. ಕರುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ, ಕರುಳು ತಿರುಚಿಕೊಂಡಾಗ, ಕ್ಷಯರೋಗದಿಂದ ಅದು ಕಿರಿದಾದಾಗ ಅಥವಾ ಟೈಫಾಯ್ಡ್‌ನಿಂದ ತೂತಾದಾಗ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಉಳಿದ ಭಾಗ 2 ಮೀಟರಿಗಿಂತ ಕಡಿಮೆಯಾದರೆ ತೊಂದರೆ ಆರಂಭವಾಗುತ್ತದೆ. ನೀರು, ಲವಣ, ಪೋಷಕಾಂಶಗಳನ್ನು ದೇಹಕ್ಕೆ ಸಾಲುವಷ್ಟು ಹೀರಲು ಕರುಳಿಗೆ ಸಾಧ್ಯವಾಗದೆ, ಅವುಗಳನ್ನು ರಕ್ತನಾಳದ ಮೂಲಕವೇ ಕೊಡಬೇಕಾದ ಸ್ಥಿತಿಯನ್ನು ವೈದ್ಯರು ಕರುಳಿನ ವೈಫಲ್ಯ ಎನ್ನುತ್ತಾರೆ. ಕೆಲವರಲ್ಲಿ ಇದು ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ತಿಂಗಳುಗಳು ಬೇಕು. ಇನ್ನು ಕೆಲವರಿಗೆ ಅದು ಜೀವಮಾನದ ಸಂಗಾತಿ.

ಇದಕ್ಕೆ ಉಪಾಯವಿಲ್ಲವೇ? ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಅವರ ಸಂಗಡಿಗರು, ಕರುಳು ಕೆಲಸ ಮಾಡದ ಶಿಶುವೊಂದನ್ನು ಕೇವಲ ರಕ್ತನಾಳದ ಮೂಲಕ ಆಹಾರ ಕೊಟ್ಟು ಬೆಳೆಸಬಹುದೆಂದು 1968ರಲ್ಲಿ ಜಗತ್ತಿಗೆ ತಿಳಿಸಿದರು. ಅದಾಗಿ ಅರ್ಧ ಶತಮಾನವೇ ಕಳೆದಿದೆ. ಇನ್ನೂ ಸಮಾಧಾನದ ವಿಷಯವೆಂದರೆ, ಉಳಿದ ಕರುಳು ಒಂದೆರಡು ವರ್ಷಗಳಲ್ಲಿ ತನ್ನ ಹೀರುವ ಶಕ್ತಿಯನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಬಾಯಿಯ ಮೂಲಕವೋ ಕೊಳವೆಯ ಮೂಲಕವೋ ಸ್ವಲ್ಪವಾದರೂ ಆಹಾರ ಕರುಳಿಗೆ ತಲುಪುತ್ತಿದ್ದರೆ ಈ ಚೇತರಿಕೆ ಬೇಗ ಆಗುತ್ತದೆ. ಅನೇಕರು ಕ್ರಮೇಣ ಸಾಮಾನ್ಯ ಊಟಕ್ಕೆ ಮರಳುತ್ತಾರೆ. ಅಂದರೆ ಎಲ್ಲರ ಪಾಲಿಗೂ ಇದು ಕೊನೆಯಿಲ್ಲದ ಖರ್ಚಲ್ಲ. ಆದರೆ ಆ ಒಂದೆರಡು ವರ್ಷ ರೋಗಿಯನ್ನು ಉಳಿಸಿಕೊಳ್ಳುವವರು ಯಾರು?

ದಾವಣಗೆರೆಯನ್ನೇ ತೆಗೆದುಕೊಳ್ಳೋಣ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇಲ್ಲಿದೆ. 2006ರಲ್ಲಿ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಬಂತು. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಹರಿಹರದವರಿಗೂ ಮಲೇಬೆನ್ನೂರಿನವರಿಗೂ ಇವು ದೂರವಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆ ಇಲ್ಲಿ ದುರ್ಲಭವೇನಲ್ಲ. ಕಷ್ಟ ಆರಂಭವಾಗುವುದು ರೋಗಿ ಮನೆಗೆ ಮರಳಿದ ಮೇಲೆ. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ದುಡಿಯುವವನೋ, ಮಾರುಕಟ್ಟೆಯ ಹಮಾಲಿಯೋ ಈ ಸ್ಥಿತಿಗೆ ಬಂದರೆ ಆ ಮನೆಗೆ ದುಡಿಮೆಯೂ ಇಲ್ಲ, ರೋಗಿಗೆ ಬೇಕಾದ ಆಹಾರದ ತಿಳಿವಳಿಕೆಯೂ ಇಲ್ಲ.

ತಿಳಿವಳಿಕೆಯ ಕೊರತೆ ಸಣ್ಣದಲ್ಲ. ರೋಗಿಯನ್ನು ಕಾಣಲು ಹೋಗುವಾಗ ನಾವು ಪ್ರೀತಿಯಿಂದ ಎಳನೀರು, ಹಣ್ಣಿನ ರಸ ಒಯ್ಯುತ್ತೇವೆ. ಕರುಳು ಗಿಡ್ಡವಾಗಿ, ಹೊಟ್ಟೆಯ ಮೇಲೆ ಚೀಲ ಕಟ್ಟಿಸಿಕೊಂಡವರಿಗೆ ಇವೇ ಮುಳುವಾಗಬಹುದು. ಉಪ್ಪಿಲ್ಲದ ಬರೀ ನೀರನ್ನೂ ಸಿಹಿ ಪಾನೀಯವನ್ನೂ ಹೆಚ್ಚು ಕುಡಿದಷ್ಟೂ ಅವರ ದೇಹ ಉಪ್ಪು, ನೀರು ಎರಡನ್ನೂ ಕಳಕೊಳ್ಳುತ್ತದೆ. ಅವರಿಗೆ ಬೇಕಾದದ್ದು ಉಪ್ಪು-ಗ್ಲೂಕೋಸ್ ಸರಿಯಾದ ಅಳತೆಯಲ್ಲಿರುವ ದ್ರಾವಣ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಕಾಲರಾ ರೋಗಿಗಳನ್ನು ಬದುಕಿಸಿದ್ದು ಇದೇ ತತ್ವದಿಂದ. ಹಾಗೆಯೇ, ಬಹಳ ದಿನ ಹಸಿದ ರೋಗಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಜೀವಕ್ಕೆ ಅಪಾಯ. ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದಿದ್ದರೆ ಬಿ12 ಚುಚ್ಚುಮದ್ದು ನಿಲ್ಲಿಸುವಂತಿಲ್ಲ. ಇದನ್ನೆಲ್ಲ ಮನೆಯವರಿಗೆ ಅವರ ಭಾಷೆಯಲ್ಲಿ ಕುಳಿತು ವಿವರಿಸುವ ಪಥ್ಯಾಹಾರ ತಜ್ಞರು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಇರಬೇಡವೇ?

ಇನ್ನು ಸರಕಾರದ ವಿಷಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡುತ್ತದೆ. ಅದು ಸ್ವಾಗತಾರ್ಹ. ಆದರೆ ಅದರ ದೃಷ್ಟಿ ಇರುವುದು ಆಸ್ಪತ್ರೆಯ ಹಾಸಿಗೆಯ ಮೇಲೆ. ಕೇಂದ್ರದ ಆಯುಷ್ಮಾನ್ ನಿಯಮದಂತೆ ಬಿಡುಗಡೆಯ ನಂತರದ ಖರ್ಚು ಸಿಗುವುದು 15 ದಿನಗಳಿಗೆ ಮಾತ್ರ. ಹದಿನಾರನೆಯ ದಿನ ಕರುಳು ಬೆಳೆದಿರುತ್ತದೆಯೇ? ಕಿಡ್ನಿ ಸೋತ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಯೋಜನೆ 2016ರಲ್ಲಿ ಬಂತು. ಕ್ಷಯರೋಗಿಗಳ ಪೋಷಣೆಗೆಂದು 2018ರಲ್ಲಿ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿ, 2024ರ ನವೆಂಬರ್‌ನಿಂದ ಅದನ್ನು 1000ಕ್ಕೆ ಏರಿಸಲಾಯಿತು. ಅಂದರೆ ಆಹಾರವೂ ಔಷಧಿಯೇ ಎಂಬುದನ್ನು ಸರಕಾರ ಒಪ್ಪಿಕೊಂಡಿದೆ. ಹಾಗಿರುವಾಗ ಆಹಾರವೇ ಏಕೈಕ ಔಷಧಿಯಾಗಿರುವವರನ್ನು ಹೊರಗಿಡುವುದು ಯಾವ ನ್ಯಾಯ? ಅಂದಹಾಗೆ, ಕರುಳಿನ ಕ್ಷಯವೂ ಕ್ಷಯವೇ. ಅಂಥ ರೋಗಿಗಳು ಈ ಸಹಾಯಧನವನ್ನು ತಪ್ಪದೆ ಕೇಳಿ ಪಡೆಯಬೇಕು.

ಸರಕಾರದತ್ತ ಬೆರಳು ತೋರಿಸಿ ನಾವು ಹೊಣೆಯಿಂದ ಜಾರಿಕೊಳ್ಳುವಂತೆಯೂ ಇಲ್ಲ. ಆಪರೇಷನ್ ಎಂದರೆ ಜಮಾಅತ್‌ಗಳು ಒಂದೇ ಶುಕ್ರವಾರ ಹಣ ಸಂಗ್ರಹಿಸಿಕೊಡುತ್ತವೆ. ಅದೇ ರೋಗಿಯ ಆರನೆಯ ತಿಂಗಳ ಪೌಷ್ಟಿಕ ಪುಡಿಗೆ, ಚುಚ್ಚುಮದ್ದಿಗೆ, ಚೀಲಕ್ಕೆ ಕೇಳಿದರೆ ಉತ್ಸಾಹ ಇಳಿದಿರುತ್ತದೆ. ಶಸ್ತ್ರಚಿಕಿತ್ಸೆ ಸುದ್ದಿಯಾಗುತ್ತದೆ, ಹಸಿವು ಸುದ್ದಿಯಾಗುವುದಿಲ್ಲ. ಝಕಾತ್ ನಿಧಿಯಲ್ಲಿ ಒಂದು ಪಾಲನ್ನು ಇಂಥ ಬಡ ದೀರ್ಘ ರೋಗಿಗಳಿಗೆ ತಿಂಗಳ ನೆರವಾಗಿ ಮೀಸಲಿಡಲು ದಾವಣಗೆರೆ, ಹರಿಹರದ ಮಸೀದಿ ಸಮಿತಿಗಳಿಗೆ ಅಡ್ಡಿ ಏನಿದೆ? ರಮಝಾನಿನಲ್ಲಿ ಇಂಥವರು ಹಟ ಹಿಡಿದು ಉಪವಾಸ ಕೂತರೆ ನಿರ್ಜಲೀಕರಣದಿಂದ ಕಿಡ್ನಿಯೂ ಸೋಲಬಹುದು. ರೋಗಿಗಳಿಗೆ ಧರ್ಮವೇ ನೀಡಿರುವ ರಿಯಾಯಿತಿಯನ್ನು ಮನೆಯ ಹಿರಿಯರೂ ಉಲೆಮಾಗಳೂ ಅವರಿಗೆ ನೆನಪಿಸಬೇಕು. ಅದನ್ನು ಬಳಸಿಕೊಂಡವರನ್ನು ಕೀಳಾಗಿ ಕಾಣುವ ಚಾಳಿ ನಿಲ್ಲಬೇಕು.

ಹಸಿದವನಿಗೆ ಉಣಿಸುವುದು ಪುಣ್ಯ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಎದುರಿಗೆ ಅನ್ನವಿದ್ದೂ ಅದು ಮೈಗೆ ಹತ್ತದೆ ಹಸಿದಿರುವವನು ನಮ್ಮ ನೆರೆಯಲ್ಲಿಯೇ ಇರಬಹುದು. ಅವನನ್ನು ಗುರುತಿಸುವುದು, ಅವನ ಪರವಾಗಿ ಆಳುವವರನ್ನು ಪ್ರಶ್ನಿಸುವುದು, ತಿಂಗಳು ತಿಂಗಳೂ ಮರೆಯದೆ ಅವನ ಬಾಗಿಲು ತಟ್ಟುವುದು ನಮ್ಮ ಮೇಲಿನ ಹೊಣೆಯಾಗಿದೆ.